ಗಂಟುರೋಗದ ವರ್ಷ ಕೊಂಡ ಎರಡು ಟಾಯರು

ಹೋದ ತಿಂಗಳು ಸವದತ್ತಿಯಲ್ಲಿ ನಮಗೊಂದು ತರಬೇತಿ ಇತ್ತು. ಮುಗಿದ ಮೇಲೆ, ಹೊಸದಾಗಿ ನೌಕರಿಗೆ ಸೇರಿದ ಹುಡುಗಿಯೊಬ್ಬಳು ತನ್ನ ಬೈಕಿಗೆ ಟಾಯರು ನೋಡಬೇಕೆಂದು ನನ್ನನ್ನು ಒಂದು ಅಂಗಡಿಗೆ ಕರೆದುಕೊಂಡು ಹೋದಳು. ಒಳಗೆ ಕಾಲಿಟ್ಟ ಕೂಡಲೇ ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಬಹಳ ಜನಕ್ಕೆ ಅದು ಇಷ್ಟವಾಗುವ ವಾಸನೆ. ನನಗೆ ಮಾತ್ರ ಸಿಟ್ಟು ಬರುತ್ತದೆ. ಅಂಗಡಿಯವನದೇನೂ ತಪ್ಪಿಲ್ಲ, ಒಂದು ಟಾಯರು ಎತ್ತಿ ತೋರಿಸಿ ಇದು ಮಸ್ತ್ ಐತಿ ಅಂದಿದ್ದನಷ್ಟೆ. ಮೊದಲು ತಾರೀಖು ತೋರಿಸಿ ಎಂದು ನಾನು ಎಷ್ಟು ಬಿರುಸಾಗಿ ಕೇಳಿದೆನೆಂದರೆ, ಅವನು ಟಾಯರನ್ನು ಕೆಳಗಿಟ್ಟ. ಹೊರಗೆ ಬಂದ ಮೇಲೆ ಆ ಹುಡುಗಿ, ಯಾಕೆ ಅಷ್ಟು ಸಿಟ್ಟು ಎಂದು ಕೇಳಿದಳು. ಒಂದು ಕಪ್ ಚಹಾದ ಹೊತ್ತಿನಲ್ಲಿ ಹೇಳಿ ಮುಗಿಸುವ ಸುದ್ದಿಯಲ್ಲ ಅದು. ಅವಳಿಗೆಂದೇ ಬರೆಯುತ್ತಿದ್ದೇನೆ.

ಅದು ದನಗಳಿಗೆ ಗಂಟುರೋಗ ಬಂದ ವರ್ಷ. ಮೈತುಂಬ ಗಂಟು ಎದ್ದು, ಕಾಲು ಬಾತು, ಮೇವು ಬಿಟ್ಟು ದನಗಳು ನಿಂತಲ್ಲೇ ಸೊರಗುತ್ತಿದ್ದವು. ನಾನಾಗ ಯರಗಟ್ಟಿಯಿಂದ ರಾಮದುರ್ಗದ ಕಡೆಗೆ ಹೋಗುವ ದಾರಿಯ ಒಂದು ಊರಿನಲ್ಲಿ ದನದ ದವಾಖಾನೆಯ ಕಿರಿಯ ಪರೀಕ್ಷಕಿ. ಮನೆ ಬೈಲಹೊಂಗಲದಲ್ಲಿ. ಬೆಳಿಗ್ಗೆ ಲಸಿಕೆ ಬಿಸಿಯಾಗದಂತೆ ಡಬ್ಬಿಯಲ್ಲಿ ಬರ್ಫ ತುಂಬಿಕೊಂಡು ಹೊರಟರೆ ಊರೂರು, ತೋಟಪಟ್ಟಿ ತೋಟಪಟ್ಟಿ ತಿರುಗಬೇಕು. ತೋಟಪಟ್ಟಿ ಅಂದರೆ ಊರಿನಿಂದ ದೂರ, ಹೊಲಗಳ ನಡುವೆ ಹತ್ತು ಹನ್ನೆರಡು ಮನೆ. ಅಲ್ಲಿಗೆ ಬಸ್ಸು ಹೋಗುವುದಿಲ್ಲ. ಡಾಂಬರು ಮುಗಿದಲ್ಲಿಂದ ಎರೆಮಣ್ಣಿನ ಬಂಡಿದಾರಿ.

ಮೊದಲ ಮಳೆಗಾಲವನ್ನು ಸ್ಕೂಟಿಯಲ್ಲಿ ಕಳೆದಿದ್ದೆ. ಎರೆಮಣ್ಣು ಗಾಲಿಗೆ ಹತ್ತಿ, ಮಡ್ಗಾರ್ಡಿನೊಳಗೆ ತುಂಬಿ, ಗಾಲಿ ತಿರುಗುವುದೇ ನಿಂತುಬಿಡುತ್ತಿತ್ತು. ಕುಡುಗೋಲಿನ ತುದಿಯಿಂದ ಕೆರೆದು ತೆಗೆಯುವುದು, ಹತ್ತು ಮಾರು ಹೋಗುವುದು, ಮತ್ತೆ ಕೆರೆಯುವುದು. ಆಮೇಲೆ ಧಾರವಾಡದ ಕಾಲೇಜು ಮಾಸ್ತರರೊಬ್ಬರಿಂದ ಒಂದು ಅಡ್ವೆಂಚರ್ ಬೈಕನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡೆ. ಅವರು ಅದರಲ್ಲಿ ಒಂದು ಸಲ ಹಿಮಾಲಯಕ್ಕೆ ಹೋಗಿ ಬಂದು, ಬೆನ್ನುನೋವು ಹತ್ತಿಸಿಕೊಂಡು, ಮೂಲೆಗೆ ನಿಲ್ಲಿಸಿದ್ದರು. ನನ್ನ ಎತ್ತರಕ್ಕೆ ಅದು ಸರಿಹೋಯಿತು. ಹೆಣ್ಣುಮಗಳಿಗೆ ಅಷ್ಟು ದೊಡ್ಡ ಗಾಡಿ ಯಾಕೆ ಎಂದು ಕೇಳದವರು ನಮ್ಮ ಓಣಿಯಲ್ಲಿ ಯಾರೂ ಉಳಿಯಲಿಲ್ಲ. ದನಗಳು ಕೇಳುತ್ತಿರಲಿಲ್ಲ, ಅಷ್ಟು ಸಾಕಿತ್ತು.

ಗಾಡಿ ಚೆನ್ನಾಗಿತ್ತು, ಅದರ ಟಾಯರು ಸವೆದಿದ್ದವು. ಶ್ರಾವಣದ ಹೊತ್ತಿಗೆ ಹಿಂದಿನದು ಬೋಳಾಯಿತು. ಆಗ ಶುರುವಾಯಿತು ಆರಿಸುವ ಕೆಲಸ. ಮುಂದಿನ ಗಾಲಿ ಇಪ್ಪತ್ತೊಂದು ಇಂಚಿನದು, ಆ ಅಳತೆಯ ಟಾಯರು ನಮ್ಮ ಕಡೆ ಸುಲಭಕ್ಕೆ ಸಿಗುವುದಿಲ್ಲ. ಪರದೇಶದವು ಇದ್ದವು, ಅವುಗಳ ಬೆಲೆ ಕೇಳಿ ಫೋನು ಇಟ್ಟೆ. ಬರೀ ಡಾಂಬರಿಗಾಗುವ ನುಣುಪು ಟಾಯರು ಇದ್ದವು, ಅಗ್ಗ. ನಡುವೆ, ನಮ್ಮ ದೇಶದ ಕಂಪನಿಗಳೇ ಮಾಡುವ ಡ್ಯುಯಲ್ ಸ್ಪೋರ್ಟ್ ಟಾಯರು: ಅರ್ಧ ಡಾಂಬರಿಗೆ, ಅರ್ಧ ಮಣ್ಣಿಗೆ. ನಮ್ಮ ಹುಡುಗರು ಬಟನ್ ಟಾಯರ್ ಅನ್ನುತ್ತಾರಲ್ಲ, ಮೈಮೇಲೆ ಗುಂಡಿಯಂಥ ದಪ್ಪ ಉಬ್ಬುಗಳಿರುವವು, ಆ ಜಾತಿಯವು. ವಿಡಿಯೋ ನೋಡಿದೆ, ಕಂಡ ಗಂಡಸರನ್ನೆಲ್ಲ ಕೇಳಿದೆ. ಬಹುಪಾಲು ಡಾಂಬರಿನ ಮೇಲೇ ಓಡುವವರು ಡಾಂಬರಿನ ಟಾಯರನ್ನೇ ಹಾಕಿಸಬೇಕು ಎಂದು ಎಲ್ಲರೂ ಹೇಳಿದರು. ಒಂದು ಕಡೆಗೆ ನಲವತ್ತು ಕಿಲೋಮೀಟರು ಡಾಂಬರಿನಲ್ಲಿ ನಾನು ಯಾವ ಟಾಯರಿನಲ್ಲಾದರೂ ಹೋಗಬಲ್ಲೆ. ನನ್ನ ನೌಕರಿ ಇದ್ದದ್ದು ಕೊನೆಯ ಮೂರು ಕಿಲೋಮೀಟರಿನಲ್ಲಿ. ಅದನ್ನು ಅವರಿಗೆ ತಿಳಿಸಿ ಹೇಳಲು ಆಗಲೇ ಇಲ್ಲ.

ಈ ವಿಷಯದಲ್ಲಿ ನಿಜವಾಗಿ ತಿಳಿದಿದ್ದವನು ಒಬ್ಬನೇ, ನಮ್ಮಪ್ಪ. ಬೈಲಹೊಂಗಲದ ಪೇಟೆಯಲ್ಲಿ ಒಂದು ಗೋಡೆಯ ಪಕ್ಕ ಕುಳಿತು ನಲವತ್ತು ವರ್ಷ ಚಪ್ಪಲಿ ಹೊಲಿದವನು. ಹಳೆಯ ಲಾರಿ ಟಾಯರು ಕೊಯ್ದು ಅವನು ಮಾಡುತ್ತಿದ್ದ ಚಪ್ಪಲಿಗೆ ಸಂಗೊಳ್ಳಿ, ಕಿತ್ತೂರಿನಿಂದ ರೈತರು ಬರುತ್ತಿದ್ದರು. ಹೊಲದ ಮಣ್ಣು ಕಪ್ಪು ಎರೆಯೋ ಕೆಂಪು ಮಸಾರಿಯೋ ಎಂದು ಕೇಳಿ, ಅದಕ್ಕೆ ತಕ್ಕ ಹಾಗೆ ತಳಕ್ಕೆ ಕಚ್ಚು ಹಾಕಿಕೊಡುತ್ತಿದ್ದ. ರಬ್ಬರಿಗೆ ಹೆಬ್ಬೆರಳಿನ ಉಗುರು ಒತ್ತಿ, ಇದು ಎಷ್ಟು ವರ್ಷದ್ದು ಎಂದು ಹೇಳುತ್ತಿದ್ದ. ಅವನ ಕಾಲದಲ್ಲೇ ನಮ್ಮ ಮನೆಯವರು ಬೌದ್ಧರಾದರು. ನನಗೆ ಸುಜಾತಾ ಎಂದು ಹೆಸರಿಟ್ಟು, ಓದಿಸಿ, ಸರಕಾರಿ ನೌಕರಿಗೆ ಹಚ್ಚಿದ. ನೌಕರಿ ಸಿಕ್ಕ ಮೇಲೆ ನಾನೂ ನಮ್ಮಣ್ಣನೂ, ಇನ್ನು ಪೇಟೆಯಲ್ಲಿ ಕೂರುವುದು ಬೇಡ ಎಂದು ಅವನಿಗೆ ಎಷ್ಟೋ ಸಲ ಹೇಳಿದೆವು. ಅವನ ಮೇಲಿನ ಅಂತಃಕರಣದಿಂದ ಹೇಳುತ್ತಿದ್ದೇವೆ ಎಂದು ಆಗ ನಂಬಿದ್ದೆ. ಈಗ ನಂಬುವುದಿಲ್ಲ.

ನಾನು ಟಾಯರು ಕೊಂಡ ಬೈಲಹೊಂಗಲದ ಅಂಗಡಿಯೂ ಅಪ್ಪ ಕೂರುವ ಪೇಟೆಯ ಹತ್ತಿರವೇ. ಅಪ್ಪನನ್ನು ನಾನೇ ಕರೆದುಕೊಂಡು ಹೋದೆ. ಅಂಗಡಿಯವನು ನನ್ನನ್ನು ಕೂರಿಸಿ, ತಂಪು ನೀರು ಕೊಟ್ಟು, ಮೇಡಂ ಮೇಡಂ ಎಂದು ಮಾತಾಡಿಸಿದ. ಅಪ್ಪ ಬಾಗಿಲ ಒಳಗೆ ನಿಂತಿದ್ದ, ಅವನನ್ನು ಕೂರಲು ಅನ್ನಲಿಲ್ಲ. ಇಪ್ಪತ್ತೊಂದು ಇಂಚಿನದು, ಅದರ ಜೋಡಿಯ ಹಿಂದಿನದು, ಎರಡೂ ಮಾಳಿಗೆಯ ಮೇಲಿನಿಂದ ಇಳಿದು ಬಂದವು. ಕರ್ರಗೆ ಮಿಂಚುತ್ತಿದ್ದವು. ಬೇರೆ ಕಡೆಗಿಂತ ಕಡಿಮೆಗೆ ಕೊಡುತ್ತೇನೆ, ನೀವು ಸರಕಾರಿ ಮಂದಿ, ನಾಲ್ಕು ಜನಕ್ಕೆ ಹೇಳುತ್ತೀರಿ ಅಂದ ಅಂಗಡಿಯವನು.

ಟಾಯರಿನ ಪಕ್ಕಕ್ಕೆ ಮೊಟ್ಟೆಯಾಕಾರದ ಒಂದು ಗುರುತಿನೊಳಗೆ ನಾಲ್ಕು ಅಂಕಿ ಇದ್ದವು, ಅವುಗಳ ಮೇಲೆ ಪಾಲಿಶ್ ಮೆತ್ತಿಕೊಂಡಿತ್ತು. ಇದೇನು ಎಂದು ಕೇಳಿದೆ. ಬ್ಯಾಚ್ ನಂಬರು ಅಂದ. ಲಸಿಕೆಯ ಒಂದೊಂದು ಶೀಶೆಯನ್ನೂ ಬೆಳಕಿಗೆ ಹಿಡಿದು ತಾರೀಖು ಓದಿಯೇ ಮುಟ್ಟುವವಳು ನಾನು, ಅವನ ಮಾತನ್ನು ಹಾಗೇ ನಂಬಿದೆ. ಆ ನಾಲ್ಕು ಅಂಕಿಗಳೇ ಟಾಯರು ಹುಟ್ಟಿದ ತಾರೀಖು, ಮೊದಲೆರಡು ವಾರ, ಕೊನೆಯೆರಡು ವರ್ಷ.

ಅಪ್ಪ ಮುಂದೆ ಬಂದು, ಬಗ್ಗಿ, ಹಿಂದಿನ ಟಾಯರಿನ ಒಂದು ಬಟನಿಗೆ ಹೆಬ್ಬೆರಳಿನ ಉಗುರು ಒತ್ತಿದ. ಇನ್ನೊಂದಕ್ಕೆ ಒತ್ತಿದ. ನನ್ನ ಕಡೆ ನೋಡಿ ಹೇಳಿದ.

“ಇದು ಸತ್ತ ರಬ್ಬರ್ ಐತಿ. ಉಗುರ ಇಳೀವಲ್ದು.”

ಅಂಗಡಿಯವನ ದನಿ ಒಂದೇ ಸಲಕ್ಕೆ ಬದಲಾಯಿತು. “ಕೈ ತಗಿ. ಹಳೇ ಟಾಯರ್ ಕೊಯ್ದು ಕೆರಾ ಹೊಲಿಯಾವಗ ಹೊಸಾ ಟಾಯರಿನ ಸುದ್ದಿ ಯಾಕ ಬೇಕು? ಮುಟ್ಟಿ ಮಾಲ ಹೊಲಸ ಮಾಡಬ್ಯಾಡ.”

ಅಂಗಡಿಯಲ್ಲಿ ಇನ್ನೂ ಇಬ್ಬರು ಗಿರಾಕಿಗಳಿದ್ದರು. ಅವರು ನನ್ನನ್ನು ನೋಡಿದರು. ನನ್ನ ಕಿವಿ ಬಿಸಿಯಾಯಿತು. ಆ ಹೊತ್ತಿಗೆ ನನಗೆ ಸಿಟ್ಟು ಬಂದದ್ದು ಅಪ್ಪನ ಮೇಲೆ. ನಡೆದದ್ದು ಹಾಗೆ. ಒಳ್ಳೆಯ ರೇಟಿಗೆ ಕುದುರಿದ ವ್ಯಾಪಾರ ಕೆಡುತ್ತದಲ್ಲ ಎಂದೂ ಅನ್ನಿಸಿತು.

“ನೀ ಸುಮ್ಕಿರು,” ಅಂದೆ. “ಹೊರಗ ನಿಂದ್ರ ಹೋಗು.”

ಅಪ್ಪ ಹೊರಗೆ ಹೋಗಿ ನಿಂತ. ಟಾಯರು ಹಾಕಿಸಿ, ದುಡ್ಡು ಕೊಟ್ಟು ನಾನು ಹೊರಗೆ ಬರುವಷ್ಟರಲ್ಲಿ ಅವನು ತನ್ನ ಜಾಗಕ್ಕೆ ಹೋಗಿ ಕುಳಿತು ಯಾರದೋ ಚಪ್ಪಲಿಯ ಉಂಗುಷ್ಟ ಹೊಲಿಯುತ್ತಿದ್ದ. ಆ ಬಗ್ಗೆ ಮನೆಯಲ್ಲಿ ಒಂದು ಮಾತೂ ಆಡಲಿಲ್ಲ. ಅವನು ಮನಸ್ಸಿಗೆ ಹಚ್ಚಿಕೊಂಡಿಲ್ಲ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಎರಡು ತಿಂಗಳು ಟಾಯರು ನಡೆದವು. ಮಣ್ಣಿನಲ್ಲಿ ಗಾಡಿ ಹೋಗುತ್ತಿತ್ತು. ಡಾಂಬರು ಒದ್ದೆಯಾದರೆ ಮಾತ್ರ ಹಿಂದಿನ ಗಾಲಿ ಆಗಾಗ ಸರ್ರನೆ ಪಕ್ಕಕ್ಕೆ ಸರಿಯುತ್ತಿತ್ತು. ಬಟನ್ ಟಾಯರಿನ ಗುಣವೇ ಹಾಗೆ ಎಂದು ವಿಡಿಯೋದಲ್ಲಿ ಹೇಳಿದ್ದರು, ನಾನೂ ಹಾಗೇ ಅಂದುಕೊಂಡೆ. ರೋಗ ಒಂದು ಊರಿನಿಂದ ಇನ್ನೊಂದು ಊರಿಗೆ ದಾಟುತ್ತಿತ್ತು. ನಾವು ಅದರ ಹಿಂದೆ ಓಡುತ್ತಿದ್ದೆವು.

ದಸರೆ ಮುಗಿದ ಮೇಲೂ ಮಳೆ ಬಿಡಲಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳು ಆಗಲೇ ರಸ್ತೆಗಿಳಿದಿದ್ದವು, ಹೊಲದ ಮಣ್ಣನ್ನು ಗಾಲಿಯಲ್ಲಿ ಹೊತ್ತು ತಂದು ಡಾಂಬರಿನ ಮೇಲೆ ಬಳಿದು ಹೋಗುತ್ತಿದ್ದವು. ಅಂಥ ಒಂದು ಬೆಳಿಗ್ಗೆ, ಜಿಟಿಜಿಟಿ ಮಳೆಯಲ್ಲಿ, ನಾನು ಯರಗಟ್ಟಿ ದಾಟಿ ನೀಲವ್ವನ ತೋಟಪಟ್ಟಿಗೆ ಹೊರಟಿದ್ದೆ. ನೀಲವ್ವ ಅರವತ್ತು ದಾಟಿದ ಹೆಂಗಸು. ಆ ತೋಟಪಟ್ಟಿಯ ಹನ್ನೊಂದು ಮನೆಗಳಿಗೆ ತಾನೇ ಹೋಗಿ, ದವಾಖಾನೆಯ ಅಕ್ಕಾರು ನಾಳೆ ಬರುತ್ತಾರೆ, ದನ ಮೇಯಲು ಬಿಡಬೇಡಿ ಎಂದು ಹೇಳಿ ಬಂದವಳು. ಎಡಕ್ಕೆ ಹೊರಳುವ ತಿರುವಿನಲ್ಲಿ ಬ್ರೇಕಿನ ಮೇಲೆ ಕಾಲಿಟ್ಟೆ. ವೇಗವೇನೂ ಇರಲಿಲ್ಲ. ಹಿಂದಿನ ಗಾಲಿ ನನ್ನನ್ನು ಬಿಟ್ಟು ಹೋಯಿತು.

ಎಡಗೈಯ ಮಣಿಕಟ್ಟು ಮುರಿಯಿತು. ಡಬ್ಬಿಯ ಮುಚ್ಚಳ ಹಾರಿ ಬರ್ಫ ರಸ್ತೆಯ ಮೇಲೆಲ್ಲ ಚೆಲ್ಲಿತ್ತು, ಅದರ ನಡುವೆ ಒಡೆದ ಶೀಶೆಗಳು. ಕಬ್ಬಿನ ಟ್ರ್ಯಾಕ್ಟರಿನ ಡ್ರೈವರನೊಬ್ಬ ನನ್ನನ್ನು ಎತ್ತಿ ಕೂರಿಸಿದ. ನಾನು ಕೈಯನ್ನು ಮರೆತು ಒಡೆಯದೆ ಉಳಿದ ಶೀಶೆಗಳನ್ನು ಹುಡುಕುತ್ತಿದ್ದೆನಂತೆ. ಅವನು ಆಮೇಲೆ ಹೇಳಿದ್ದು, ನನಗೆ ನೆನಪಿಲ್ಲ.

ನನ್ನ ಬದಲಿಗೆ ಬೇರೆಯವರು ಆ ತೋಟಪಟ್ಟಿಗೆ ಹೋಗಲು ಹನ್ನೊಂದು ದಿನ ಹಿಡಿಯಿತು. ಅವರೂ ತಮ್ಮ ಊರುಗಳಲ್ಲಿ ದಿನವಿಡೀ ದುಡಿಯುತ್ತಿದ್ದರು. ಅಷ್ಟರಲ್ಲಿ ರೋಗ ಹೊಕ್ಕಿತ್ತು. ನೀಲವ್ವನ ಹಸು ಸತ್ತಿತು, ಪಕ್ಕದ ಮನೆಯ ಎರಡು ಕರು ಸತ್ತವು. ಲಸಿಕೆ ಹಾಕಿದ ಮೇಲೂ ಅದು ಮೈಗೆ ಹತ್ತಲು ವಾರಗಳು ಬೇಕು. ಆ ದಿನ ನಾನು ಹೋಗಿ ಹಾಕಿದ್ದರೆ ಅವು ಖಂಡಿತ ಉಳಿಯುತ್ತಿದ್ದವು ಎಂದು ಓದಿದವರಾರೂ ಹೇಳಲಾರರು. ನಾನೂ ಓದಿದವಳೇ. ಆದರೆ ನೀಲವ್ವ ಬಸ್ಸು ಹಿಡಿದು ನನ್ನನ್ನು ನೋಡಲು ಮನೆಗೆ ಬಂದಾಗ ಆ ಓದು ಉಪಯೋಗಕ್ಕೆ ಬರಲಿಲ್ಲ. ಪ್ಲಾಸ್ಟರಿನ ಮೇಲೆ ಕೈಯಾಡಿಸಿ, ನೋವು ಹೇಗಿದೆ ಎಂದೆಲ್ಲ ಕೇಳಿದಳು. ಏಳುವಾಗ ಸಹಜವಾಗಿಯೇ ಅಂದಳು.

“ಬರತೇನಿ ಅಂದಿದ್ರಲ್ರಿ ಅಕ್ಕಾರ. ನಾವು ಹೊತ್ತೇರೂತನಾ ದನಾ ಕಟ್ಟಿಕೊಂಡು ಕುಂತಿದ್ವಿ.”

ಬೈದಿದ್ದರೆ ಚೆನ್ನಾಗಿತ್ತು.

ಗಾಡಿಯನ್ನು ಟೆಂಪೋದಲ್ಲಿ ಮನೆಗೆ ತಂದು ನಿಲ್ಲಿಸಿದ್ದರು. ಒಂದು ದಿನ ಅಪ್ಪ ಕುಂಚ ಹಿಡಿದು ಅದರ ಮಣ್ಣು ತೊಳೆಯುತ್ತ ಕುಳಿತಿದ್ದ. ನನ್ನನ್ನು ಕರೆದು, ಸೀಮೆಎಣ್ಣೆಯ ಅರಿವೆಯಿಂದ ಒರೆಸಿದ ಜಾಗ ತೋರಿಸಿ, ಇದೇನು ಬರೆದಿದೆ ಓದು ಅಂದ. ನಾಲ್ಕು ಅಂಕಿ ಸ್ವಚ್ಛ ಕಾಣುತ್ತಿದ್ದವು. ಫೋನಿನಲ್ಲಿ ಹುಡುಕಿದೆ. ನಾನು ಕೊಳ್ಳುವ ದಿನಕ್ಕೇ ಆ ಟಾಯರಿಗೆ ಏಳನೆಯ ವರ್ಷ ನಡೆಯುತ್ತಿತ್ತು. ಬಟನುಗಳ ಬುಡದಲ್ಲಿ ಕೂದಲಿನಂಥ ಬಿರುಕುಗಳಿದ್ದವು, ಪಾಲಿಶಿನ ಕೆಳಗೆ ಅವು ಮೊದಲೇ ಇದ್ದಿರಬೇಕು. ಅಪ್ಪ ಕುಂಚವನ್ನು ನೀರಿನಲ್ಲಿ ಜಾಲಾಡಿಸಿ ಒಳಗೆ ಹೋದ.

ಮರುದಿನವೇ, ಕೊರಳಿಗೆ ಕೈ ಕಟ್ಟಿಕೊಂಡು, ಒಬ್ಬಳೇ ಆ ಅಂಗಡಿಗೆ ಹೋದೆ. ಮೊದಲು ಅವನು, ಒದ್ದೆ ರಸ್ತೆಯಲ್ಲಿ ದೊಡ್ಡ ಗಾಡಿ ಹೊಡೆಯಲು ರೂಢಿ ಬೇಕಾಗುತ್ತದೆ ಎಂದು ನನಗೇ ಬುದ್ಧಿ ಹೇಳಿದ. ಅಂಕಿಗಳ ಫೋಟೋ ತೋರಿಸಿದಾಗ, ಮಾಲು ಕಂಪನಿಯಿಂದ ಹೇಗೆ ಬಂತೋ ಹಾಗೆ ಮಾರುತ್ತೇವೆ ಅಂದ. ನಾನು ಎದ್ದು ಹೋಗದೆ ಅಲ್ಲೇ ಕುಳಿತೆ. ಗಿರಾಕಿಗಳು ಬಂದಂತೆಲ್ಲ ಅವರಿಗೂ ಫೋಟೋ ತೋರಿಸಿದೆ. ಮೂರನೆಯ ಗಿರಾಕಿ ಬಂದ ಮೇಲೆ ಅಂಗಡಿಯವನು ಮೆತ್ತಗಾಗಿ, ಆಯಿತು, ಎರಡೂ ಬದಲಿಸಿ ಕೊಡುತ್ತೇನೆ, ಸುದ್ದಿ ಇಲ್ಲಿಗೇ ಮುಗಿಸಿಬಿಡಿ ಅಂದ. ಅದಕ್ಕೆ ಮೊದಲು ನಮ್ಮಪ್ಪನಿಗೆ ಆಡಿದ ಮಾತಿಗೆ ತಪ್ಪಾಯಿತು ಅನ್ನಬೇಕು ಎಂದೆ. ಯಾರ ಅಪ್ಪ ಎಂದು ಅವನು ಕೇಳಿದ. ಹೇಳಿದೆ.

“ಅಂವಾ ನಿಮ್ಮ ಅಪ್ಪೇನ್ರಿ?” ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. “ನೀವು ಅನ್ನಲೇ ಇಲ್ಲಲ್ರಿ. ಹೊರಾಕ ಯಾರ್ನೋ ಕರಕೊಂಡ ಬಂದೀರಿ ಅಂತ ತಿಳಕೊಂಡಿದ್ನಿ. ಗೊತ್ತಿದ್ರ ಹಂಗ ಅಂತಿದ್ದಿಲ್ರಿ.”

ಆ ದಿನದಿಂದ ನನ್ನ ಸಿಟ್ಟು ಇಳಿದಿಲ್ಲ. ಸರಕಾರಿ ನೌಕರಿಯ ಮಗಳಿಲ್ಲದ ಮುದುಕನಾಗಿದ್ದರೆ ಹಾಗೆ ಅನ್ನಬಹುದಿತ್ತು ಎಂದೇ ಅವನು ಹೇಳಿದ್ದು, ಅದೂ ಸಮಾಧಾನದ ಮಾತೆಂದು. ಅದಕ್ಕಿಂತ ಹೆಚ್ಚಾಗಿ ಅವನು ಹೇಳಿದ ಇನ್ನೊಂದು ಮಾತು ಸುಟ್ಟಿತು. ನಾನು ಹೇಳಿರಲಿಲ್ಲ. ಅಂಗಡಿಯೊಳಗೆ ಇದ್ದ ಅಷ್ಟು ಹೊತ್ತಿನಲ್ಲಿ, ಸುಮ್ಮನಿರು ಅನ್ನುವಾಗ ಕೂಡ, ಅಪ್ಪಾ ಎಂದು ಒಂದು ಸಲವೂ ಕರೆದಿರಲಿಲ್ಲ. ಮನೆಯಲ್ಲಿ ಅಪ್ಪಾ ಅನ್ನದೆ ಅವನಿಗೆ ಒಂದು ಲೋಟ ನೀರು ಕೊಟ್ಟವಳಲ್ಲ ನಾನು. ಬದಲಿ ಟಾಯರು ತೆಗೆದುಕೊಳ್ಳಲಿಲ್ಲ. ಹೊರಗೆ ಬಂದು ಗೋಡೆಯ ಪಕ್ಕದ ಅಪ್ಪನ ಜಾಗದ ಮುಂದೆಯೇ ಹಾದು ಹೋದೆ, ನಿಂತು ಮಾತಾಡಿಸಲು ಧೈರ್ಯ ಬರಲಿಲ್ಲ.

ಕೈ ಕೂಡಿಕೊಂಡ ಮೇಲೆ ಹೊಸ ಟಾಯರಿಗೆ ಅಪ್ಪನೂ ನಾನೂ ರಾಮದುರ್ಗಕ್ಕೆ ಹೋದೆವು. ಅಲ್ಲಿ ಲಾರಿ ಟಾಯರುಗಳಿಗೆ ಹೊಸ ತಳ ಹಚ್ಚುವ, ನಮ್ಮ ಕಡೆ ರಿಸೋಲ್ ಅನ್ನುವ ಕೆಲಸ ಮಾಡುವ ಮೌಲಾಸಾಬ ಎಂಬ ಹಿರಿಯರಿದ್ದರು. ಅಪ್ಪ ಹಿಂದೆ ಅವರಿಂದಲೇ ರಬ್ಬರಿನ ತುಂಡು ಕೊಳ್ಳುತ್ತಿದ್ದನಂತೆ, ನನಗೆ ಅದೂ ಗೊತ್ತಿರಲಿಲ್ಲ. ಅವರು ಅಪ್ಪನಿಗೆ ತಾವು ಕುಳಿತ ಸ್ಟೂಲು ಬಿಟ್ಟುಕೊಟ್ಟು ಟಾಯರಿನ ಮೇಲೆ ಕುಳಿತರು. ಇಬ್ಬರೂ ಒಂದು ತಾಸು ರಬ್ಬರಿನ ಸುದ್ದಿಯನ್ನೇ ಆಡಿದರು. ಅವರು ಹುಬ್ಬಳ್ಳಿಯಿಂದ ತರಿಸಿದ್ದ ಎರಡು ಜೋಡಿಗಳಲ್ಲಿ ಒಂದಕ್ಕೆ ದೊಡ್ಡ ದೊಡ್ಡ ಬಟನು, ನೋಡಲು ಗಂಭೀರ. ನನಗೆ ಅದೇ ಬೇಕೆನ್ನಿಸಿತು. ಅಪ್ಪ ಇನ್ನೊಂದನ್ನು ಆರಿಸಿದ. ನಡುವಿನ ಸಾಲು ಒತ್ತೊತ್ತಾಗಿದೆ, ಡಾಂಬರಿನ ಮೇಲೆ ಹಿಡಿಯುತ್ತದೆ. ಪಕ್ಕದವು ಬಿಡಿಬಿಡಿಯಾಗಿವೆ, ಎರೆಮಣ್ಣು ಅಲ್ಲಿಂದ ಉದುರಿಹೋಗುತ್ತದೆ ಎಂದು ಬೆರಳಿಟ್ಟು ತೋರಿಸಿದ. ಹೆಸರು ಕೇಳದ ಕಂಪನಿ, ಅಗ್ಗದ್ದು, ಹುಟ್ಟಿ ಎರಡು ತಿಂಗಳಾಗಿತ್ತು. ಮೌಲಾಸಾಬರು ನಾನು ಕೇಳುವ ಮೊದಲೇ ತಾರೀಖಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ತೋರಿಸಿದರು. ಮರುವಾರವೇ ನೀಲವ್ವನ ತೋಟಪಟ್ಟಿಗೆ ಹೋಗಿ ಉಳಿದ ದನಗಳನ್ನು ನೋಡಿ ಬಂದೆ. ದಾರಿಯಲ್ಲಿ ಒಂದು ಸಲವೂ ಇಳಿದು ಮಣ್ಣು ಕೆರೆಯಬೇಕಾಗಲಿಲ್ಲ. ಅಂದರೆ ಅಗ್ಗದ ಟಾಯರು ಎಂದರೆ ಕೆಟ್ಟ ಟಾಯರಲ್ಲ, ಹುಡುಗಿ. ಅಷ್ಟನ್ನು ತಿಳಿದುಕೋ.

ಗ್ರಾಹಕರ ಕೋರ್ಟಿಗೆ ದೂರು ಕೊಡಲು ನಾನು ಪ್ಲಾಸ್ಟರು ಇದ್ದಾಗಲೇ ತಯಾರಿ ನಡೆಸಿದ್ದೆ. ಬರೆದು ಮುಗಿಸಿ ಅಪ್ಪನ ಮುಂದೆ ಓದಿದೆ: ಅಂಕಿ, ಪಾಲಿಶು, ಬಿರುಕು, ಮುರಿದ ಕೈ, ಒಡೆದ ಲಸಿಕೆ. ಅವನು ಕೊನೆಯವರೆಗೆ ಕೇಳಿ, ಅಂಗಡಿಯವನು ತನಗೆ ಅಂದದ್ದು ಎಲ್ಲಿದೆ ಎಂದು ಕೇಳಿದ. ಅದಕ್ಕೂ ಟಾಯರಿಗೂ ಕೋರ್ಟಿನಲ್ಲಿ ಸಂಬಂಧ ಬರುವುದಿಲ್ಲ ಎಂದೆ.

“ಬರತೈತಿ. ನನ್ನ ಮಾತ ಕೇಳಿದ್ರ ನೀ ಬೀಳತಿದ್ದಿಲ್ಲ. ಕೇಳಬಾರದಂಗ ಮಾಡಿದ್ದು ಆ ಮಾತು. ಬರಿ,” ಅಂದ. ಮತ್ತೆ, “ನೀ ಹೊರಗ ನಿಂದ್ರು ಅಂದದ್ದೂ ಬರಿ,” ಅಂದ.

ಅವನ ದನಿ ಏರಿರಲಿಲ್ಲ. ಅಷ್ಟು ತಿಂಗಳು ಅವನು ಸುಮ್ಮನಿದ್ದದ್ದನ್ನು ನಾನು ಮರೆವು ಎಂದು ತಿಳಿದಿದ್ದೆ. ಅವನಿಗೆ ನನಗಿಂತ ಹೆಚ್ಚು ಸಿಟ್ಟಿತ್ತು. ನಾಲ್ಕು ಮೊಳ ದೂರದಲ್ಲಿ ಕುಳಿತು ಅಷ್ಟು ದಿನ ಅನ್ನ ಉಂಡರೂ ನನಗದು ಗೊತ್ತಾಗಿರಲಿಲ್ಲ. ಎರಡೂ ಮಾತುಗಳನ್ನು, ಆಡಿದಂತೆಯೇ, ಬರೆದೆ.

ಮುಂದಿನ ಬೇಸಿಗೆಯಲ್ಲಿ ಕೇಸು ಬಂತು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದ. ಅಂಗಡಿಯವನ ವಕೀಲರು, ಚಪ್ಪಲಿ ಹೊಲಿಯುವವರ ಮಾತೆಲ್ಲ ಈ ಕೇಸಿಗೆ ಬೇಕಿಲ್ಲ, ಆತನನ್ನು ಹೊರಗೆ ಕಳಿಸಿದ್ದು ಸ್ವತಃ ದೂರುದಾರರೇ ಎಂದು ಕಾಗದದಲ್ಲೇ ಇದೆ, ಆ ಎರಡು ಸಾಲು ಹೊಡೆದುಹಾಕಿದರೆ ನಮ್ಮವರು ಇವತ್ತೇ ಟಾಯರಿನ ದುಡ್ಡು ಕೊಡುತ್ತಾರೆ ಅಂದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಅಪ್ಪ ಎದ್ದು ಕೈಮುಗಿದ.

“ಹೌದ್ರಿ, ಅಂದಾಳ. ಅದನ್ನ ನಾನ ಬರಸೇನಿ. ದುಡ್ಡ ಇವತ್ತ ಬ್ಯಾಡ್ರಿ. ಬರದದ್ದು ಹಂಗ ಇರ್ಲಿ.”

ಇನ್ನೂ ಎರಡು ತಾರೀಖು ಬಿದ್ದವು. ಕೊನೆಗೆ ಟಾಯರಿನ ದುಡ್ಡು, ದವಾಖಾನೆಯ ಖರ್ಚು ಕೊಡಬೇಕೆಂದು ಆದೇಶವಾಯಿತು. ಅಪ್ಪನಿಗೆ ಅಂದ ಮಾತಿನ ಬಗ್ಗೆ ಆದೇಶದಲ್ಲಿ ಏನೂ ತೀರ್ಮಾನವಿರಲಿಲ್ಲ. ಆದರೆ ದೂರಿನ ಸಾರಾಂಶದಲ್ಲಿ ಆ ಎರಡೂ ಮಾತುಗಳು ಟೈಪಾಗಿ ಬಂದಿದ್ದವು. ಅದರ ಪ್ರತಿ ಮನೆಗೆ ಬಂದ ದಿನ ಅಪ್ಪ ಕೆಲಸಕ್ಕೆ ಹೋಗುವುದನ್ನು ತಡ ಮಾಡಿ, ಚಾಪೆಯ ಮೇಲೆ ಕುಳಿತು, ಓದು ಅಂದ. ಅಂಗಡಿಯವನ ಮಾತನ್ನು ಒಂದೇ ಉಸಿರಿಗೆ ಓದಿದೆ. ಮುಂದಿನ ಸಾಲಿಗೆ ಬಂದಾಗ ಓದು ನಿಲ್ಲಿಸಿದೆ. ಇಷ್ಟು ಸಾಕಲ್ಲ ಎಂಬಂತೆ ಅವನ ಮುಖ ನೋಡಿದೆ.

“ಅಂವಂದ ಆತು,” ಅಂದ ಅಪ್ಪ. “ಈಗ ನಿಂದ ಓದು.”

ಓದಿದೆ.